ಮಗುವಿನ ಹಿಟ್ಟಿನ ಡಬ್ಬಿಗೂ ನಮ್ಮ ಭತ್ತದ ಗದ್ದೆಗೂ ಏನು ಸಂಬಂಧ?

ಮಕ್ಕಳ ಆಹಾರದಲ್ಲಿ ರಾಸಾಯನಿಕ ಸಿಕ್ಕಿತು, ಕಂಪನಿ ಮಾಲು ವಾಪಸ್ ತರಿಸಿಕೊಂಡಿತು ಅಂತ ಆಗಾಗ ಸುದ್ದಿ ಬರುತ್ತೆ. ಅದು ಪಟ್ಟಣದವರ ಪಾಡು ಅಂತ ನಾವು ಸುಮ್ಮನಾಗ್ತೀವಿ. ಆದರೆ ಹಚ್ಚೊಳ್ಳಿ, ಸಿರುಗುಪ್ಪ ಕಡೆಯ ಭತ್ತದ ರೈತರಿಗೆ ಈ ಸುದ್ದಿ ದೂರದ್ದಲ್ಲ ಅನ್ನೋದು ನನ್ನ ಮಾತು. ಹಾಲು ಬಿಟ್ಟರೆ ಕೂಸಿನ ಬಾಯಿಗೆ ಮೊದಲು ಹೋಗೋದೇ ಅಕ್ಕಿ.

ಮೂರು ಪ್ರಕರಣ, ಮೂರು ಪಾಠ

2008ರಲ್ಲಿ ಚೀನಾದಲ್ಲಿ ಹಾಲಿಗೆ ನೀರು ಬೆರೆಸಿ, ಅದು ಗೊತ್ತಾಗದಿರಲಿ ಅಂತ ಮೆಲಮೈನ್ ಹಾಕಿದರು. ಪ್ರೋಟೀನ್ ಪರೀಕ್ಷೆಯಲ್ಲಿ ಅಳೆಯೋದು ಸಾರಜನಕವನ್ನು. ಮೆಲಮೈನ್‌ನಲ್ಲಿ ಸಾರಜನಕ ಹೆಚ್ಚಿರೋದರಿಂದ ನೀರು ಹಾಲೂ ಪಾಸಾಯಿತು. 6 ಕೂಸುಗಳು ಸತ್ತವು, ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಇದು ಬೇಕಂತಲೇ ಮಾಡಿದ ಮೋಸ.

2023ರಲ್ಲಿ ಅಮೆರಿಕದಲ್ಲಿ ಸೇಬು-ದಾಲ್ಚಿನ್ನಿ ಪೇಸ್ಟ್ ವಾಪಸ್ ತರಿಸಿದರು. ಸೀಸ ಬಂದಿದ್ದು ಸೇಬಿನಿಂದಲ್ಲ, ದಾಲ್ಚಿನ್ನಿ ಪುಡಿಯಿಂದ.

ಮೂರನೆಯದು ನಮಗೆ ಹತ್ತಿರದ್ದು. ಕೂಸುಗಳ ಅಕ್ಕಿ ಹಿಟ್ಟಿನಲ್ಲಿ ಆರ್ಸೆನಿಕ್ (ಪಾಷಾಣ) 100 ಕೋಟಿ ಪಾಲಿಗೆ 100 ಪಾಲು ಮೀರಬಾರದು ಅಂತ ಅಮೆರಿಕ 2020ರಲ್ಲಿ ಮಿತಿ ಹಾಕಿತು. 2021ರ ಜೂನ್‌ನಲ್ಲಿ ಬೀಚ್-ನಟ್ ಕಂಪನಿಯ ಹಿಟ್ಟು ಮಿತಿ ಮೀರಿತ್ತು. ಕಂಪನಿ ಮಾಲು ವಾಪಸ್ ಪಡೆದು, ಮಕ್ಕಳ ಅಕ್ಕಿ ಹಿಟ್ಟಿನ ವ್ಯಾಪಾರವನ್ನೇ ಬಿಟ್ಟಿತು. ಇಲ್ಲಿ ಯಾರೂ ಏನೂ ಬೆರೆಸಿರಲಿಲ್ಲ. ಅಂಥ ಆರ್ಸೆನಿಕ್ ಭತ್ತದ ಕಾಳಿಗೆ ಏರೋದು ಮಣ್ಣು ಮತ್ತು ನೀರಿನಿಂದಲೇ.

ಭತ್ತಕ್ಕೇ ಯಾಕೆ?

ಗದ್ದೆಯಲ್ಲಿ ಸದಾ ನೀರು ನಿಂತರೆ ಮಣ್ಣಿಗೆ ಗಾಳಿ ಸಿಗಲ್ಲ. ಆಗ ಮಣ್ಣಿನ ಕಬ್ಬಿಣದ ಅಂಶಕ್ಕೆ ಅಂಟಿಕೊಂಡ ಆರ್ಸೆನಿಕ್ ಬಿಟ್ಟುಕೊಂಡು ನೀರಿಗೆ ಇಳಿಯುತ್ತೆ. ಭತ್ತದ ಬೇರು ಸಿಲಿಕಾನ್ ಹೀರುವ ದಾರಿಯಲ್ಲೇ ಅದನ್ನೂ ಹೀರುತ್ತೆ. ಜೋಳ, ನವಣೆ ಒಣಭೂಮಿ ಬೆಳೆ, ಅವಕ್ಕೆ ಈ ತೊಂದರೆ ಕಡಿಮೆ.

ಹಾಗಂತ ನಮ್ಮ ಸೋನಾ ಮಸೂರಿಯಲ್ಲಿ ವಿಷ ಐತಿ ಅಂತ ಅರ್ಥ ಅಲ್ಲ. ಆರ್ಸೆನಿಕ್ ಪ್ರಮಾಣ ಆಯಾ ನೆಲ, ನೀರಿನ ಮೇಲೆ ಹೋಗುತ್ತೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಬೋರ್‌ವೆಲ್ ನೀರಿನಲ್ಲೇ ಅದು ಸಿಕ್ಕಿತ್ತು. ಬೋರ್ ನೀರಿನಲ್ಲಿ ಭತ್ತ ಬೆಳೆಯೋರು ಒಮ್ಮೆ ನೀರು ಪರೀಕ್ಷೆ ಮಾಡಿಸೋದು ಒಳ್ಳೇದು.

ಹೊಲದಲ್ಲಿ ನಾವು ಮಾಡಬಹುದಾದ್ದು

1. ನೀರು ಕಟ್ಟಿ, ಆರಿಸಿ, ಮತ್ತೆ ಕಟ್ರಿ. ತೂತು ಮಾಡಿದ ಪೈಪನ್ನು ಗದ್ದೆಯಲ್ಲಿ ಹೂಳಿ, ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ನೀರು ಬಿಡ್ರಿ. ಹೂ ಬಿಡುವಾಗ ಮಾತ್ರ ಒಣಗಿಸಬೇಡ್ರಿ. ಇದರಿಂದ ಆರ್ಸೆನಿಕ್ ಕಡಿಮೆ ಆಗುತ್ತೆ, ಕಾಲುವೆ ನೀರೂ ಉಳಿಯುತ್ತೆ. ಅತಿಯಾಗಿ ಒಣಗಿಸಿದರೆ ಕ್ಯಾಡ್ಮಿಯಂ ಅನ್ನೋ ಇನ್ನೊಂದು ಲೋಹ ಕಾಳಿಗೆ ಏರಬಹುದು. ಸವಳು ಭೂಮಿಯಾದರೆ ಉಪ್ಪು ಮೇಲೆ ಬರುತ್ತೆ. ಅಂಥ ಹೊಲದವರು ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ ಮುಂದುವರೀರಿ.

2. ತೆನೆ ಬಲಿತ ಮೇಲೆ ಔಷಧ ಹೊಡೀಬೇಡ್ರಿ. ಬೆಂಕಿ ರೋಗಕ್ಕೆ ಹೊಡೆಯುವ ಟ್ರೈಸೈಕ್ಲಜೋಲ್ ಉಳಿಕೆಯ ಮಿತಿಯನ್ನು ಯುರೋಪ್ 2017ರಲ್ಲಿ ಕಿಲೋಗೆ 1 ಮಿ.ಗ್ರಾಂನಿಂದ 0.01 ಮಿ.ಗ್ರಾಂಗೆ ಇಳಿಸಿತು. ಸಿಂಪಡಣೆಗೂ ಕೊಯ್ಲಿಗೂ ಎಷ್ಟು ದಿನ ಬಿಡಬೇಕು ಅಂತ ಡಬ್ಬಿಯ ಚೀಟಿಯಲ್ಲೇ ಇರುತ್ತೆ, ಓದ್ರಿ.

3. ಮನೆ ಊಟದ ಅಕ್ಕಿ, ಜೋಳವನ್ನು ಗೊಬ್ಬರದ ಖಾಲಿ ಚೀಲದಲ್ಲಿ ತುಂಬಬೇಡ್ರಿ. ಬೀಜೋಪಚಾರ ಮಾಡಿ ಉಳಿದ ಬೀಜ ಗಿರಣಿಗೂ ಹೋಗಬಾರದು, ದನದ ಮುಂದಕ್ಕೂ ಹೋಗಬಾರದು.

ಮನೆಯಲ್ಲಿ

ಕೂಸು ತನ್ನ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ತಿನ್ನುತ್ತೆ. ಮಿದುಳು ಬೆಳೆಯುವ ಕಾಲ ಅದು. ದೊಡ್ಡವರಿಗೆ ಏನೂ ಅನ್ನಿಸದ ಸೀಸ, ಆರ್ಸೆನಿಕ್ ಅದಕ್ಕೆ ಹೆಚ್ಚು ಕೆಡುಕು.

ಆರು ತಿಂಗಳವರೆಗೆ ತಾಯಿ ಹಾಲೊಂದೇ ಸಾಕು. ಆಮೇಲೆ ದಿನಾ ಬರೀ ಅಕ್ಕಿ ಗಂಜಿ ಬೇಡ. ಒಂದು ದಿನ ರಾಗಿ, ಒಂದು ದಿನ ಜೋಳ, ಜೊತೆಗೆ ಹೆಸರುಬೇಳೆ, ಹೀಗೆ ಬದಲಾಯಿಸಿದರೆ ಯಾವುದೇ ಒಂದರ ದೋಷ ಕೂಸಿನ ಹೊಟ್ಟೆಯಲ್ಲಿ ಕೂಡಿ ಬೀಳಲ್ಲ.

ಪೇಟೆ ಡಬ್ಬಿ ತಂದರೆ ಎಫ್‌ಎಸ್‌ಎಸ್‌ಎಐ ನಂಬರ್, ಬ್ಯಾಚ್ ನಂಬರ್ ನೋಡ್ರಿ. ಹಿಟ್ಟನ್ನು ಬೇರೆ ಡಬ್ಬಕ್ಕೆ ಸುರಿದರೂ, ಮುಗಿಯುವವರೆಗೆ ಕವರ್ ಎಸೀಬೇಡ್ರಿ. ಕಂಪನಿ ಮಾಲು ವಾಪಸ್ ಕೇಳೋದು ಹೆಚ್ಚಾಗಿ ಬ್ಯಾಚ್ ನಂಬರ್ ಮೇಲೆ. ಕವರ್ ಇಲ್ಲದಿದ್ದರೆ ನಮ್ಮ ಮನೆ ಹಿಟ್ಟು ಆ ಲೆಕ್ಕದಲ್ಲಿ ಐತೋ ಇಲ್ಲವೋ ತಿಳಿಯೋದೇ ಇಲ್ಲ.

ಕಾರ್ಖಾನೆಯವರ ತಪ್ಪನ್ನು ಸರ್ಕಾರ ನೋಡಿಕೊಳ್ಳಲಿ. ಗದ್ದೆಯ ನೀರು, ಹೊಡೆಯುವ ಔಷಧ, ತುಂಬುವ ಚೀಲ ಮಾತ್ರ ನಮ್ಮ ಕೈಯಲ್ಲೇ ಅದಾವು. ಈ ಹಂಗಾಮಿನಲ್ಲಿ ಒಂದು ಮಡಿಯಲ್ಲಾದರೂ ಪೈಪ್ ಹೂಳಿ ನೋಡ್ರಿ.