ಕೋಡ್ ಬರೆದರೆ ಮುಗೀತಾ?

2019ರ ಏಪ್ರಿಲ್ 10ರಂದು ಕಪ್ಪುಕುಳಿಯ ಮೊದಲ ಚಿತ್ರ ಜಗತ್ತಿನ ಟಿವಿಗಳಲ್ಲೆಲ್ಲ ಬಂತು. ಅದರ ಲೆಕ್ಕಾಚಾರಕ್ಕೆ ಬಳಸಿದ ಸಾಫ್ಟ್‌ವೇರ್‌ಗಳಲ್ಲಿ ನಂಪೈ ಕೂಡ ಒಂದು. ಪೈಥಾನ್‌ನಲ್ಲಿ ರಾಶಿಗಟ್ಟಲೆ ಅಂಕಿಗಳನ್ನು ಸಂಭಾಳಿಸುವ, ಪುಕ್ಕಟೆ ಸಿಗುವ ಸಲಕರಣೆ ಅದು.

ಇದನ್ನು ಬಳಸೋದು ಹೇಗೆ ಅನ್ನೋ ವಿವರಣೆ ಮಾತ್ರ ಒಂದು ಕಾಲದಲ್ಲಿ ಅರೆಬರೆ ಇತ್ತು. ಅದರಿಂದೇನು ನಷ್ಟ ಅಂತೀರಾ? ಇಂಜಿನಿಯರಿಂಗ್ ಓದಿದ ನಾನು ಒಂದೇ ಉದಾಹರಣೆ ಕೊಡ್ತೀನಿ. ಸ್ಟ್ಯಾಂಡರ್ಡ್ ಡೀವಿಯೇಶನ್ ಕೇಳಿದರೆ ನಂಪೈ ಒಟ್ಟು ಅಂಕಿಗಳ ಎಣಿಕೆಯಿಂದ ಭಾಗಿಸುತ್ತೆ. ಸ್ಯಾಂಪಲ್ ಲೆಕ್ಕದಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಒಂದು ಕಡಿಮೆಯಿಂದ ಭಾಗಿಸಬೇಕು. ಹತ್ತು ಅಂಕಿಗಳಿದ್ದರೆ ಹತ್ತರಿಂದಲ್ಲ, ಒಂಬತ್ತರಿಂದ. ಆ ಒಂದು ಸಾಲು ಓದದಿದ್ದರೆ ಉತ್ತರವೇ ಬೇರೆ. ಎರರ್ ಬರಲ್ಲ, ಕೆಂಪು ದೀಪ ಉರಿಯಲ್ಲ!

ಫ್ಲೋರಿಡಾದ ಖಗೋಳ ವಿಜ್ಞಾನಿ ಜೋ ಹ್ಯಾರಿಂಗ್ಟನ್ ತಮ್ಮ ತರಗತಿಯಲ್ಲಿ ವಿದ್ಯಾರ್ಥಿಗಳು ವಿವರಣೆಯಿಲ್ಲದೆ ಒದ್ದಾಡಿದ್ದನ್ನು ಕಂಡರು. 2008ರಲ್ಲಿ ಒಬ್ಬ ಸಂಯೋಜಕರಿಗೆ ಸಂಬಳ ಕೊಟ್ಟು ಕೆಲಸ ಶುರು ಮಾಡಿಸಿದರು. ಸ್ವಯಂಸೇವಕರು ವೆಬ್ ಪುಟದಲ್ಲೇ ಬರೆಯಬಹುದಿತ್ತು, ಕೋಡ್ ಮುಟ್ಟಬೇಕಿರಲಿಲ್ಲ. ಫಂಕ್ಷನ್ನಿಗೆ ಏನು ಕೊಡಬೇಕು, ಏನು ಸಿಗುತ್ತೆ, ಒಂದು ಉದಾಹರಣೆ, ಹೀಗೆ. ಬರೆದಿದ್ದನ್ನು ತಿಳಿದವರು ನೋಡಿಯೇ ಒಳಗೆ ಸೇರಿಸೋರು.

ಚೆನ್ನಾಗಿ ದುಡಿದವರಿಗೆ ಸಿಕ್ಕ ಬಹುಮಾನ? ಒಂದು ಟೀ ಶರ್ಟ್.