ಬ್ಯಾಂಕಿನ ಹೆಸರಿನಲ್ಲಿ ಬರುವ ಕರೆ

ಬೀಗವೊಂದು ಎಷ್ಟು ಗಟ್ಟಿಯಾಗಿದೆಯೆಂಬುದನ್ನು ಅರಿಯಬೇಕಾದರೆ, ಕಳ್ಳನು ಅದನ್ನು ಮುರಿಯಲು ಯತ್ನಿಸುತ್ತಾನೆಯೇ ಅಥವಾ ಬೀಗದ ಕೈಯನ್ನು ಮನೆಯ ಯಜಮಾನನಿಂದಲೇ ಕೇಳಿ ಪಡೆಯಲು ಯತ್ನಿಸುತ್ತಾನೆಯೇ ಎಂಬುದನ್ನು ನೋಡಿದರೆ ಸಾಕು. ಈಚಿನ ವರ್ಷಗಳಲ್ಲಿ ಬ್ಯಾಂಕಿನ ಖಾತೆಗಳಿಂದ ಹಣವನ್ನು ಅಪಹರಿಸುವವರಲ್ಲಿ ಅನೇಕರು ಈ ಎರಡನೆಯ ದಾರಿಯನ್ನೇ ಹಿಡಿದಿದ್ದಾರೆ. ಅವರು ಯಂತ್ರಗಳ ಮರ್ಮವನ್ನು ಭೇದಿಸುವ ಗೋಜಿಗೆ ಹೋಗುವುದಿಲ್ಲ. ಖಾತೆದಾರನಿಗೆ ಫೋನು ಮಾಡಿ, ನಯವಾಗಿ ಮಾತನಾಡಿ, ಬೇಕಾದ ಅಂಕೆಗಳನ್ನು ಅವನ ಬಾಯಿಂದಲೇ ಹೇಳಿಸುತ್ತಾರೆ. ಇದೇಕೆ ಹೀಗೆ ಎಂಬುದನ್ನು ತಿಳಿದುಕೊಂಡವರಿಗೆ ಇಂಥ ಕರೆಯ ಗುರುತು ಹಿಡಿಯುವುದು ಕಷ್ಟವಾಗದು.

ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಶಿರೋಳವು ಎರೆಭೂಮಿಯ ಸೀಮೆಗೆ ಸೇರಿದ ಊರು. ಅಂಥ ಊರುಗಳಲ್ಲಿ ಇಂದು ಬೆಳೆವಿಮೆಯ ಪರಿಹಾರ, ಪಿ.ಎಂ. ಕಿಸಾನ್ ಯೋಜನೆಯ ಕಂತು, ಬೆಂಬಲ ಬೆಲೆಗೆ ಕೊಟ್ಟ ಕಡಲೆಯ ದುಡ್ಡು, ಇವು ಯಾವುವೂ ರೈತನ ಕೈಗೆ ನೇರವಾಗಿ ಬರುವುದಿಲ್ಲ, ಖಾತೆಗೆ ಜಮೆಯಾಗುತ್ತವೆ. ಇದೇ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪಿತವಾಯಿತೆಂಬುದನ್ನು ವಾಚಕರು ಬಲ್ಲರು. ಅಂಥ ಸಂಘದಲ್ಲಿ ಸಾಲ ಕೊಡುವವನೂ ಪಡೆಯುವವನೂ ಒಂದೇ ಊರಿನವರು. ಒಬ್ಬರ ಮುಖವನ್ನು ಒಬ್ಬರು ಬಲ್ಲವರು. ಇಂದು ಹಣದ ವ್ಯವಹಾರದಲ್ಲಿ ಮುಖವು ಮರೆಯಾಗಿದೆ. ಅದರ ಸ್ಥಾನದಲ್ಲಿ ಕೆಲವು ಅಂಕೆಗಳು ನಿಂತಿವೆ. ಆ ಅಂಕೆಗಳು ಯಾರ ವಶದಲ್ಲಿವೆಯೋ ಅವನೇ ಖಾತೆದಾರನೆಂದು ಯಂತ್ರವು ತಿಳಿಯುತ್ತದೆ.

ಶಿರೋಳದ ರೈತರೊಬ್ಬರಿಗೆ ಇಂಥ ಕರೆಯೊಂದು ಬಂದಿತೆಂದು ಭಾವಿಸೋಣ.

“ನಮಸ್ಕಾರ ಸರ್, ಬ್ಯಾಂಕಿನ ಹೆಡ್ ಆಫೀಸಿನಿಂದ ಮಾತಾಡುತ್ತಿದ್ದೇವೆ. ನಿಮ್ಮ ಎ.ಟಿ.ಎಂ. ಕಾರ್ಡು ಇವತ್ತು ಸಂಜೆಗೆ ಬಂದ್ ಆಗುತ್ತದೆ.”

“ಯಾವ ಬ್ಯಾಂಕ್ರೀ? ನಂದು ಗ್ರಾಮೀಣ ಬ್ಯಾಂಕಿನ್ಯಾಗ ಐತಲ್ರೀ.”

“ಹೌದು ಸರ್, ಅದೇ ಬ್ಯಾಂಕಿನಿಂದಲೇ.”

ಇಲ್ಲಿ ಬ್ಯಾಂಕಿನ ಹೆಸರನ್ನು ಹೇಳಿದವರು ಯಾರು? ಕರೆ ಮಾಡಿದವನಲ್ಲ, ಕರೆ ಸ್ವೀಕರಿಸಿದ ರೈತರೇ. ಆದರೆ ಮಾತು ಮುಗಿದ ಮೇಲೆ ಕೇಳಿದರೆ, “ಅವರಿಗೆ ನನ್ನ ಬ್ಯಾಂಕು ಗೊತ್ತಿತ್ತು” ಎಂದೇ ಅವರು ಹೇಳುವ ಸಂಭವವುಂಟು. ತಾನು ಕೊಟ್ಟ ಮಾಹಿತಿಯನ್ನೇ ಎದುರಿನವನ ಅರಿವೆಂದು ಭಾವಿಸುವುದು ಮನಸ್ಸಿನ ಸಹಜ ದೌರ್ಬಲ್ಯ. ಕಣಿ ಹೇಳುವವರು ಬಹುಕಾಲದಿಂದ ಇದನ್ನೇ ಆಶ್ರಯಿಸಿ ಬದುಕಿದ್ದಾರೆ.

ನೆಪಗಳಿಗೇನೂ ಕೊರತೆಯಿಲ್ಲ. ವಿಷಾದದ ಸಂಗತಿಯೆಂದರೆ, ಅವುಗಳಲ್ಲಿ ಹಲವಕ್ಕೆ ನಿಜದ ಅಂಶವೊಂದು ಆಧಾರವಾಗಿರುತ್ತದೆ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದೊಡನೆಯೂ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಡನೆಯೂ ಕೂಡಿದವು. ಧಾರವಾಡದಲ್ಲಿ ಕೇಂದ್ರ ಕಛೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ಹಳೆಯ ಪಟ್ಟಿಯ ಕಾರ್ಡುಗಳ ಬದಲು ಚಿಪ್ಪುಳ್ಳ ಕಾರ್ಡುಗಳನ್ನು ಕೊಡಲು ರಿಜರ್ವ್ ಬ್ಯಾಂಕು 2018ರ ಕೊನೆಯ ದಿನದ ಗಡುವು ವಿಧಿಸಿದ್ದೂ ನಿಜ. ಹೀಗಿರುವಲ್ಲಿ “ನಿಮ್ಮ ಕಾರ್ಡು ಬದಲಾಗಬೇಕು” ಎಂಬ ಮಾತು ಅಸಂಭವವೆಂದು ತೋರುವುದಿಲ್ಲ. ಆದುದರಿಂದ ನೆಪದ ಸತ್ಯಾಸತ್ಯತೆಯನ್ನು ತೂಗುತ್ತ ಕುಳಿತರೆ ಪ್ರಯೋಜನವಿಲ್ಲ. ಏನನ್ನು ಕೇಳುತ್ತಿದ್ದಾನೆಂಬುದರ ಕಡೆಗೆ ಲಕ್ಷ್ಯ ಕೊಡಬೇಕು.

ಕರೆ ಮಾಡಿದವನು ಮುಂದುವರಿದು, “ನಿಮ್ಮ ಕಾರ್ಡಿನ ಮೊದಲ ಅಂಕೆಗಳನ್ನು ನಾನೇ ಹೇಳುತ್ತೇನೆ, ಸರಿಯೇ ನೋಡಿಕೊಳ್ಳಿ” ಎನ್ನಬಹುದು. ಕಾರ್ಡನ್ನು ತೆಗೆದು ನೋಡಿದರೆ ಅಂಕೆಗಳು ಸರಿಯಾಗಿಯೇ ಇರುತ್ತವೆ! ಇದರಲ್ಲಿ ಯಾವ ಚಮತ್ಕಾರವೂ ಇಲ್ಲ. ಕಾರ್ಡಿನ ಮೊದಲ 6 ಅಥವಾ 8 ಅಂಕೆಗಳು ಅದನ್ನು ಕೊಟ್ಟ ಬ್ಯಾಂಕನ್ನು ಸೂಚಿಸುತ್ತವೆಯೇ ಹೊರತು ಖಾತೆದಾರನನ್ನಲ್ಲ. ವೀಸಾ ಕಾರ್ಡುಗಳೆಲ್ಲ 4ರಿಂದ ಮೊದಲಾಗುತ್ತವೆ. ರುಪೇ ಕಾರ್ಡುಗಳಲ್ಲಿ ಅನೇಕವು 60 ಅಥವಾ 65ರಿಂದ ಮೊದಲಾಗುತ್ತವೆ. ಒಂದೇ ಬ್ಯಾಂಕು ಕೊಟ್ಟ ಒಂದೇ ಬಗೆಯ ಕಾರ್ಡುಗಳಲ್ಲಿ ಈ ಭಾಗವು ಸಮಾನವಾಗಿರುವುದರಿಂದ, ಅಂಥ ಕಾರ್ಡೊಂದನ್ನು ಕಂಡವನು ಉಳಿದವರ ಕಾರ್ಡಿನ ಆರಂಭವನ್ನೂ ಹೇಳಬಲ್ಲನು.

ಇನ್ನೂ ಬೆರಗುಗೊಳಿಸುವ ತಂತ್ರವೊಂದುಂಟು. ಖಾತೆದಾರನು ಕಾರ್ಡಿನ ಸಂಖ್ಯೆಯನ್ನು ಓದಿ ಹೇಳಿದಾಗ ಕರೆ ಮಾಡಿದವನು, “ಎಲ್ಲಿಯೋ ಒಂದು ಅಂಕೆ ತಪ್ಪಾಗಿದೆ, ಇನ್ನೊಮ್ಮೆ ಹೇಳಿ” ಎನ್ನಬಲ್ಲನು. ಕೇಳಿದವನಿಗೆ, ಇವನ ಮುಂದೆ ನನ್ನ ಕಡತವೇ ಇರಬೇಕೆಂದು ಅನ್ನಿಸುತ್ತದೆ. ವಾಸ್ತವವಾಗಿ ಅವನ ಮುಂದೆ ಇರುವುದು ಸಣ್ಣದೊಂದು ಲೆಕ್ಕ ಮಾತ್ರ. ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಹಾನ್ಸ್ ಪೀಟರ್ ಲೂನ್ ಎಂಬವರು 1954ರಲ್ಲಿ ಅರ್ಜಿ ಸಲ್ಲಿಸಿ 1960ರಲ್ಲಿ ಪೇಟೆಂಟು ಪಡೆದ ವಿಧಾನವಿದು. ಕಾರ್ಡಿನ ಕೊನೆಯ ಅಂಕೆಯು ಹಿಂದಿನ ಅಂಕೆಗಳಿಂದಲೇ ಲೆಕ್ಕ ಹಾಕಿ ಪಡೆದದ್ದು. 27466 ಎಂಬ ಸಂಖ್ಯೆಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಬಲದಿಂದ ಎಡಕ್ಕೆ ಸಾಗುತ್ತ ಒಂದು ಬಿಟ್ಟು ಒಂದು ಅಂಕೆಯನ್ನು ಇಮ್ಮಡಿಸಬೇಕು. ಇಮ್ಮಡಿಯು ಎರಡಂಕೆಯದಾದರೆ ಆ ಎರಡನ್ನೂ ಕೂಡಬೇಕು. ಕೊನೆಯ 6 ಹಾಗೆಯೇ ಉಳಿಯುತ್ತದೆ; ಅದರ ಹಿಂದಿನ 6 ಇಮ್ಮಡಿಸಿ 12, ಎಂದರೆ 3 ಆಗುತ್ತದೆ; 4 ಹಾಗೆಯೇ; 7 ಇಮ್ಮಡಿಸಿ 14, ಎಂದರೆ 5; ಬಳಿಕ 2. ಎಲ್ಲವನ್ನೂ ಕೂಡಿದರೆ 20. ಮೊತ್ತವು ಹತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಸಂಖ್ಯೆಯ ರಚನೆ ಸರಿ. 7ರ ಬದಲು 1 ಎಂದು ಹೇಳಿದ್ದರೆ ಮೊತ್ತ 17 ಆಗಿ ತಪ್ಪು ಹೊರಬೀಳುತ್ತಿತ್ತು. ಬರೆಯುವಾಗ ಆಗುವ ತಪ್ಪನ್ನು ಹಿಡಿಯುವುದಕ್ಕಾಗಿ ಹೊರಟ ಈ ಲೆಕ್ಕದಲ್ಲಿ ಗುಟ್ಟೇನೂ ಇಲ್ಲ. ಶಾಲೆಯ ಹುಡುಗನೂ ಮಾಡಬಲ್ಲನು. ತಪ್ಪು ಹಿಡಿದ ಮಾತ್ರಕ್ಕೆ ಅವನು ಬ್ಯಾಂಕಿನವನಾಗುವುದಿಲ್ಲ.

ಇಷ್ಟು ದೊರೆತರೂ ಹಣ ತೆಗೆಯಲು ಸಾಮಾನ್ಯವಾಗಿ ಅವನಿಗೆ ಸಾಧ್ಯವಾಗದು. ಕಾರ್ಡನ್ನು ತೋರಿಸದೆ ದೂರದಿಂದ ಮಾಡುವ ಪಾವತಿಗೆ ಮತ್ತೊಂದು ದೃಢೀಕರಣವಿರಲೇಬೇಕೆಂದು ರಿಜರ್ವ್ ಬ್ಯಾಂಕು 2009ರ ಆಗಸ್ಟಿನಿಂದ ಜಾರಿಗೆ ತಂದಿತು. ಒಮ್ಮೆ ಮಾತ್ರ ಬಳಕೆಗೆ ಬರುವ ಗುಪ್ತಸಂಖ್ಯೆ, ಎಂದರೆ ಎಲ್ಲರೂ ಓ.ಟಿ.ಪಿ. ಎನ್ನುವುದು, ಈ ದೃಢೀಕರಣಕ್ಕೆ ಬಂದ ಸಾಧನಗಳಲ್ಲೊಂದು. ಆರು ಅಂಕೆಗಳಿಂದ ಹತ್ತು ಲಕ್ಷ ಬೇರೆ ಬೇರೆ ಸಂಖ್ಯೆಗಳು ಸಾಧ್ಯ. ಮೂರು ಸಲ ಊಹಿಸಲು ಅವಕಾಶವಿದ್ದರೂ ಗೆಲ್ಲುವ ಸಂಭವ ಹತ್ತು ಲಕ್ಷಕ್ಕೆ ಮೂರು. ಅಷ್ಟರಲ್ಲಿ ಕೆಲವೇ ನಿಮಿಷಗಳ ಅದರ ಆಯುಸ್ಸು ತೀರಿರುತ್ತದೆ. ಊಹೆಯಿಂದ ಸಾಧ್ಯವಿಲ್ಲದುದನ್ನು ಕೇಳಿಯೇ ಪಡೆಯಬೇಕಲ್ಲವೆ? ಬೀಗವು ಗಟ್ಟಿಯಾಗಿರುವುದರಿಂದಲೇ ಫೋನು ಬಂದಿದೆ.

ಬ್ಯಾಂಕಿಗಾದರೋ ಇದನ್ನು ಕೇಳುವ ಅಗತ್ಯವೇ ಇಲ್ಲ. ಸಂಖ್ಯೆಯನ್ನು ಹುಟ್ಟಿಸುವುದು ಬ್ಯಾಂಕಿನ ಪರವಾಗಿ ಕೆಲಸ ಮಾಡುವ ಯಂತ್ರ. ಖಾತೆಗೆ ನೋಂದಾಯಿಸಿದ ಮೊಬೈಲಿಗೆ ಅದನ್ನು ಕಳಿಸುವುದೂ, ಹಣ ಪಾವತಿ ಮಾಡುವವನು ಬರೆದುದನ್ನು ಅದರೊಡನೆ ಹೋಲಿಸಿ ನೋಡುವುದೂ ಯಂತ್ರವೇ. ಈ ಸುತ್ತಿನಲ್ಲಿ ಮನುಷ್ಯನ ಕಿವಿಗೆ ಎಲ್ಲಿಯೂ ಸ್ಥಳವಿಲ್ಲ. ಯಾವನಾದರೂ ಅದನ್ನು ಕೇಳಿ ತಿಳಿದನೆಂದರೆ, ಆ ಸಂಖ್ಯೆಯಿಂದ ಅವನಿಗೆ ಆಗಬಹುದಾದ ಉಪಯೋಗ ಒಂದೇ: ಖಾತೆದಾರನ ಸ್ಥಾನದಲ್ಲಿ ಕುಳಿತು ಅದನ್ನು ಬರೆಯುವುದು.

ಇದರಲ್ಲಿ ಗೊಂದಲಕ್ಕೆ ಕಾರಣವಾಗಿರುವ ಬಳಕೆಯೊಂದಿದೆ. ಅಡುಗೆ ಅನಿಲದ ಸಿಲಿಂಡರು ತರುವವನು ಮೊಬೈಲಿಗೆ ಬಂದ ಸಂಖ್ಯೆಯನ್ನು ಕೇಳುತ್ತಾನೆ, ನಾವೂ ಹೇಳುತ್ತೇವೆ. ಅಲ್ಲಿ ಸಿಲಿಂಡರು ಬಾಗಿಲಲ್ಲಿ ಇರುತ್ತದೆ. ಹೇಳಿದ ಸಂಖ್ಯೆಗೆ ಅದು ಮುಟ್ಟಿತೆಂಬುದಷ್ಟೇ ಅರ್ಥ. ಒಂದೇ ಬಗೆಯ ಸಂಖ್ಯೆಯನ್ನು ಒಂದೆಡೆ ಹೇಳಿರೆಂದೂ ಇನ್ನೊಂದೆಡೆ ಹೇಳಬೇಡಿರೆಂದೂ ಜನಕ್ಕೆ ಕಲಿಸಿದುದು ಜಾಣತನದ ವ್ಯವಸ್ಥೆಯೆಂದು ನನಗೆ ತೋರುವುದಿಲ್ಲ.

ಬ್ಯಾಂಕಿನ ಸಂದೇಶವು ಮೋಸವನ್ನು ತಾನೇ ಬಯಲುಮಾಡುವುದೂ ಉಂಟು. ಎಷ್ಟು ರೂಪಾಯಿ, ಯಾವ ಅಂಗಡಿಗೆ, ಯಾರಿಗೂ ಹೇಳಬೇಡಿ, ಎಂಬ ಮಾತುಗಳು ಅದರಲ್ಲಿಯೇ ಇರುತ್ತವೆ. ಆದರೆ ಅದು ಬಹಳ ಸಲ ಇಂಗ್ಲಿಷಿನಲ್ಲಿರುತ್ತದೆ. ಹಳ್ಳಿಯ ವೃದ್ಧರಿಗೆ ಅದರ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವನು ಫೋನಿನಲ್ಲಿರುವ ಆ ವ್ಯಕ್ತಿಯೇ! ಸಾಕ್ಷಿಯ ಮಾತಿಗೆ ಆರೋಪಿಯೇ ದುಭಾಷಿಯಾದಂತಾಯಿತು. ಸಂದೇಶ ಬಂದೊಡನೆ ಫೋನನ್ನಿಟ್ಟು, ಓದಬಲ್ಲ ಮೊಮ್ಮಗಳಿಗೋ ನೆರೆಯವರಿಗೋ ತೋರಿಸುವುದು ಒಳ್ಳೆಯದು. “ಕರೆ ಕತ್ತರಿಸಬೇಡಿ” ಎಂದು ಅವನು ಒತ್ತಾಯಿಸುವುದೂ ಇದನ್ನು ತಪ್ಪಿಸುವುದಕ್ಕಾಗಿಯೇ.

ಯು.ಪಿ.ಐ. ಪಾವತಿಯಲ್ಲಿ ಇದೇ ಮೋಸಕ್ಕೆ ಬೇರೊಂದು ವೇಷ. “ನಿಮಗೆ ಹಣ ಬಂದಿದೆ, ಪಿನ್ ಒತ್ತಿ ಪಡೆದುಕೊಳ್ಳಿ” ಎನ್ನುತ್ತಾರೆ. ಹಣ ಪಡೆಯಲು ಪಿನ್ ಬೇಕಾಗಿಲ್ಲ. ಅದನ್ನು ಒತ್ತಿದರೆ ಹಣ ಹೊರಗೆ ಹೋಗುತ್ತದೆ. ಇನ್ನು ಕೆಲವರು ಅಂಕೆಗಳನ್ನು ಕೇಳುವುದೇ ಇಲ್ಲ. ಫೋನಿನಲ್ಲಿ ಒಂದು ಆ್ಯಪನ್ನು ಹಾಕಿಕೊಳ್ಳಿರೆನ್ನುತ್ತಾರೆ. ಅದರ ಮೂಲಕ ಪರದೆಯ ಮೇಲಿರುವುದೆಲ್ಲ ಅವರಿಗೂ ಕಾಣುತ್ತದೆ. ಎನಿಡೆಸ್ಕ್ ಎಂಬ ಆ್ಯಪನ್ನು ಹೀಗೆ ದುರುಪಯೋಗ ಮಾಡುತ್ತಿದ್ದಾರೆಂದು ರಿಜರ್ವ್ ಬ್ಯಾಂಕು 2019ರ ಫೆಬ್ರುವರಿಯಲ್ಲಿ ಬ್ಯಾಂಕುಗಳನ್ನು ಎಚ್ಚರಿಸಿತು. ಕೇಳದೆ ನೋಡುವುದೂ ಕೇಳಿದಂತೆಯೇ ಸರಿ.

ಕರೆ ಬಂದ ನಂಬರನ್ನು ನೋಡಿಯೇ ತಿಳಿಯಬಹುದಲ್ಲವೇ ಎಂದು ಕೆಲವರು ಕೇಳಬಹುದು. ಸ್ವಲ್ಪಮಟ್ಟಿಗೆ ತಿಳಿಯಬಹುದು. ವ್ಯಾಪಾರಪ್ರಚಾರದ ಕರೆಗಳಿಗೆ 140ರಿಂದ ಮೊದಲಾಗುವ ನಂಬರುಗಳನ್ನೂ, ಗ್ರಾಹಕರ ಖಾತೆಗೆ ಸಂಬಂಧಿಸಿದ ಕರೆಗಳಿಗೆ 1600ರಿಂದ ಮೊದಲಾಗುವ ನಂಬರುಗಳನ್ನೂ ಬಳಸಬೇಕೆಂದು ರಿಜರ್ವ್ ಬ್ಯಾಂಕು 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಸಾಮಾನ್ಯ ಹತ್ತಂಕೆಯ ಮೊಬೈಲ್ ನಂಬರಿನಿಂದ “ಹೆಡ್ ಆಫೀಸು” ಮಾತನಾಡಿದರೆ ಸಂದೇಹಪಡಲು ಇದು ಸಾಕಾದ ಕಾರಣ. ಇದರ ವಿಪರ್ಯಯವನ್ನು ಮಾತ್ರ ನಂಬಬಾರದು. ಪರದೆಯ ಮೇಲೆ ಕಾಣುವ ನಂಬರು ಕರೆಯೊಡನೆ ಸಾಗಿಬರುವ ಒಂದು ಚೀಟಿಯಷ್ಟೇ. ಇಂಟರ್ನೆಟ್ಟಿನ ಮೂಲಕ ಹಾದುಬರುವ ಕರೆಗಳಲ್ಲಿ ಆ ಚೀಟಿಯನ್ನು ಬದಲಾಯಿಸುವುದು ಸಾಧ್ಯ. ಧ್ವನಿಯ ವಿಷಯವೂ ಹಾಗೆಯೇ. ಹಿಂದಿನಿಂದಲೂ ದೂರವಾಣಿಯು ಸೆಕೆಂಡಿಗೆ ಸುಮಾರು 300ರಿಂದ 3,400ರವರೆಗಿನ ಕಂಪನಗಳನ್ನು ಮಾತ್ರ ಸಾಗಿಸಿ ಉಳಿದುದನ್ನು ಬಿಟ್ಟುಬಿಡುತ್ತಿತ್ತು. ಮಾತು ತಿಳಿಯಲು ಅಷ್ಟು ಸಾಕು, ಮನುಷ್ಯನನ್ನು ತಿಳಿಯಲು ಸಾಲದು. ಈಗಂತೂ ಪರಿಚಿತರ ಧ್ವನಿಯನ್ನೇ ಕಂಪ್ಯೂಟರಿನಿಂದ ಅನುಕರಿಸಬಹುದಾಗಿದೆ.

ಕರೆ ನಿಜವಾಗಿ ಬ್ಯಾಂಕಿನದೇ ಇರಬಹುದೆಂಬ ಅನುಮಾನ ಉಳಿದರೆ, ಫೋನನ್ನಿಟ್ಟು ಕಾರ್ಡಿನ ಬೆನ್ನಿನ ಮೇಲೆ ಅಥವಾ ಪಾಸ್‌ಬುಕ್ಕಿನಲ್ಲಿ ಮುದ್ರಿತವಾದ ನಂಬರಿಗೆ ನಾವೇ ಕರೆ ಮಾಡಬೇಕು. ಇಂಟರ್ನೆಟ್ಟಿನಲ್ಲಿ ಹುಡುಕಿ ತೆಗೆದ ನಂಬರು ಬೇಡ. ವಂಚಕರು ಅಲ್ಲಿಯೂ ತಮ್ಮ ನಂಬರುಗಳನ್ನು ಬ್ಯಾಂಕಿನ ಹೆಸರಿನಲ್ಲಿ ಬಿತ್ತಿರುತ್ತಾರೆ.

ಸಂಖ್ಯೆಯನ್ನು ಈಗಾಗಲೇ ಹೇಳಿಬಿಟ್ಟಿದ್ದರೆ ಮುಂದಿನ ಮಾತೆಲ್ಲ ನಿಮಿಷಗಳ ಲೆಕ್ಕ. ಕದ್ದ ಹಣವು ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಬಾಡಿಗೆಗೆ ಪಡೆದ ಪರರ ಖಾತೆಗಳ ಮೂಲಕ ಕೈಯಿಂದ ಕೈಗೆ ಹಾಯ್ದು, ಕೊನೆಗೆ ಎಲ್ಲಿಯೋ ನಗದಾಗಿ ಹೊರಬೀಳುತ್ತದೆ. ಅದಕ್ಕೆ ಮುಂಚೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಿದರೆ ಹಣ ತಲಪಿದ ಖಾತೆಯಲ್ಲಿಯೇ ಅದನ್ನು ತಡೆಹಿಡಿಯುವ ಏರ್ಪಾಡಿದೆ. ಬ್ಯಾಂಕಿಗೂ ಕೂಡಲೇ ತಿಳಿಸಬೇಕು. 2017ರ ಜುಲೈ 6ರಂದು ರಿಜರ್ವ್ ಬ್ಯಾಂಕು ಹೊರಡಿಸಿದ ನಿಯಮದಂತೆ, ಗ್ರಾಹಕನು ತಾನೇ ಗುಪ್ತಸಂಖ್ಯೆ ಹೇಳಿ ಆದ ನಷ್ಟವು, ಬ್ಯಾಂಕಿಗೆ ವರದಿ ಮಾಡುವ ತನಕ ಅವನ ಪಾಲಿನದು. ವರದಿಯ ನಂತರ ಆದ ನಷ್ಟವು ಬ್ಯಾಂಕಿನದು. ಎಂದರೆ, ನಾಚಿಕೆಯಿಂದಲೋ ಮನೆಯವರು ಬೈದಾರೆಂಬ ಅಂಜಿಕೆಯಿಂದಲೋ ಒಂದು ರಾತ್ರಿ ಸುಮ್ಮನಿದ್ದರೆ ಆ ರಾತ್ರಿಯ ನಷ್ಟವೂ ತನ್ನದೇ. ಕರೆ ಬಂದ ನಂಬರು, ಹಣ ಹೋದ ವೇಳೆ, ಮೊತ್ತ, ಬ್ಯಾಂಕಿನ ಸಂದೇಶದಲ್ಲಿರುವ ವ್ಯವಹಾರದ ಸಂಖ್ಯೆ, ಇವನ್ನು ಬರೆದಿಟ್ಟುಕೊಂಡು ಸಹಾಯವಾಣಿಗೆ ಹೇಳಬೇಕು. ಆ ಸಂದೇಶವನ್ನು ಅಳಿಸಬಾರದು. ದೂರಿಗೆ ದೊರೆಯುವ ಸ್ವೀಕೃತಿ ಸಂಖ್ಯೆಯನ್ನೂ ಪಾಸ್‌ಬುಕ್ಕಿನ ಜೊತೆಗಿರಿಸಿದರೆ ಮುಂದೆ ಪೋಲೀಸು ಠಾಣೆಯಲ್ಲಿಯೂ ಬ್ಯಾಂಕಿನಲ್ಲಿಯೂ ಅದು ಬೇಕಾಗುತ್ತದೆ.