ವೆಟ್ಟರ್ನ್ ಸರೋವರದ ಪಿಟೀಲು ಹಡಗು

ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬಂದಾಗ ಸ್ವೀಡನ್ನಿನಲ್ಲಿರುವ ನಾವು ಕನ್ನಡಿಗರು ತಪ್ಪದೆ ತೋರಿಸುವ ಜಾಗ ಸ್ಟಾಕ್‌ಹೋಮಿನ ವಾಸಾ ಮ್ಯೂಸಿಯಂ. 1628ರಲ್ಲಿ ಮೊದಲ ಪಯಣದಲ್ಲೇ ಮುಳುಗಿ, 1961ರಲ್ಲಿ ಮೇಲಕ್ಕೆ ಬಂದ ಆ ಯುದ್ಧನೌಕೆಯ ಕಥೆ ನಮ್ಮ ಮಕ್ಕಳಿಗೆ ಬಾಯಿಪಾಠ. ಆದರೆ ಇದೇ ದೇಶದಲ್ಲಿ ಮುಳುಗಿದ ‘ಎರಿಕ್ ನೂರ್ಡೆವಾಲ್’ ಎಂಬ ಉಗಿಹಡಗಿನ ಹೆಸರು ಕೇಳಿದವರು ನಮ್ಮಲ್ಲಿ ಕಡಿಮೆ.

ಈ ಹಡಗು ಹುಟ್ಟಿದ್ದೇ ಯೋತಾ ಕಾಲುವೆಗಾಗಿ. 1810ರಲ್ಲಿ ಆರಂಭವಾದ ಈ ಕಾಲುವೆ ಮುಗಿದದ್ದು 1832ರಲ್ಲಿ. 190 ಕಿ.ಮೀ. ಉದ್ದದಲ್ಲಿ 87 ಕಿ.ಮೀ. ಮನುಷ್ಯರು ಅಗೆದದ್ದು, ಉಳಿದದ್ದು ಸರೋವರಗಳ ಕೃಪೆ. ಸುಮಾರು 58,000 ಸೈನಿಕರು ಬಹುಪಾಲು ಸಲಿಕೆ ಹಿಡಿದೇ ಇದನ್ನು ತೋಡಿದರು. ಕನಸು ಕಂಡ ಬಾಲ್ಟ್‌ಸರ್ ಫಾನ್ ಪ್ಲಾಟೆನ್ 1829ರಲ್ಲೇ ತೀರಿಕೊಂಡರು, ಪಾಪ!

ದಾರಿಯಲ್ಲಿ 58 ಲಾಕ್‌ಗಳಿವೆ. ಲಾಕ್ ಎಂದರೆ ನೀರಿನ ಮೆಟ್ಟಿಲು: ಹಡಗನ್ನು ಕಲ್ಲಿನ ತೊಟ್ಟಿಯೊಳಗೆ ಬಿಟ್ಟು, ಬಾಗಿಲು ಮುಚ್ಚಿ, ನೀರು ತುಂಬಿಸಿ ಮೇಲೇರಿಸುವುದು. ಈ ತೊಟ್ಟಿಯೊಳಗೆ ಏಳು ಮೀಟರಿಗಿಂತ ಅಗಲದ ಹಡಗು ಹಿಡಿಸದು. ಆ ಕಾಲದ ಉಗಿಹಡಗುಗಳಿಗೋ ಎರಡೂ ಪಕ್ಕೆಯಲ್ಲಿ ದೊಡ್ಡ ಚಕ್ರಗಳು. ಚಕ್ರ ಹೊರಗೆ ಚಾಚಿದರೆ ಲಾಕಿನಲ್ಲಿ ಹಿಡಿಸದು; ಇಡೀ ಹಡಗನ್ನೇ ಸಪೂರ ಮಾಡಿದರೆ ಜನ, ಸರಕಿಗೆ ಜಾಗವಿಲ್ಲ. ಆಗಿನ ಎಂಜಿನಿಯರುಗಳು ಕಂಡುಕೊಂಡ ಉಪಾಯ ನಮಗೆ ಬಹಳ ಹಿಡಿಸಿತು: ಹಡಗಿನ ಸೊಂಟವನ್ನು ಮಾತ್ರ ಒಳಕ್ಕೆ ಒತ್ತಿ, ಆ ಗೂಡಿನಲ್ಲಿ ಚಕ್ರಗಳನ್ನು ಕೂರಿಸಿದರು. ಮೇಲಿನಿಂದ ನೋಡಿದರೆ ಥೇಟ್ ಪಿಟೀಲು! ಸ್ವೀಡಿಷರು ಕರೆಯುವುದೂ ಹಾಗೆಯೇ.

1836ರಲ್ಲಿ ಸಿದ್ಧವಾದ ನೂರ್ಡೆವಾಲ್‌ಗೆ ಎಂಜಿನ್ ಕೊಟ್ಟದ್ದು ಮೂತಾಲಾ ಕಾರ್ಖಾನೆ. ಅದೂ ಈ ಕಾಲುವೆ ಕೆಲಸಕ್ಕೆಂದೇ 1822ರಲ್ಲಿ ತೆರೆದದ್ದು. ಸ್ಟಾಕ್‌ಹೋಮ್ ಮತ್ತು ಗೋಥೆನ್‌ಬರ್ಗ್ ನಡುವೆ ಇಪ್ಪತ್ತು ವರ್ಷ ದುಡಿದ ಹಡಗು, 1856ರಲ್ಲಿ ವೆಟ್ಟರ್ನ್ ಸರೋವರದ ವಾಡ್‌ಸ್ಟೆನಾ ಬಳಿ ಬಂಡೆಗೆ ತಗುಲಿ ಮುಳುಗಿತು. ಆರು ವರ್ಷ ಕಳೆಯುವಷ್ಟರಲ್ಲಿ ಆ ಎರಡು ನಗರಗಳ ನಡುವೆ ರೈಲು ಬಂತು. 2025ರಲ್ಲಿ ಸೇತುವೆ ಆದ ಮೇಲೆ ನಮ್ಮ ಸಿಗಂದೂರಿನ ಲಾಂಚಿಗೆ ಆದ ಹಾಗೆ, ಉಗಿಹಡಗುಗಳ ಕಾಲವೂ ಹಿಂದೆ ಸರಿಯಿತು.

1980ರಲ್ಲಿ ಮುಳುಗುಗಾರರು ಸುಮಾರು 45 ಮೀಟರ್ ಆಳದಲ್ಲಿ ಅದನ್ನು ಕಂಡಾಗ ಹಡಗು ನೆಟ್ಟಗೆ ನಿಂತಿತ್ತು, ಎಂಜಿನ್ ತನ್ನ ಜಾಗದಲ್ಲೇ ಇತ್ತು! 124 ವರ್ಷ ಮರ ಕೊಳೆಯದೆ ಉಳಿದದ್ದು ಹೇಗೆ? ಮುಳುಗಿದ ಹಡಗಿನ ಮರವನ್ನು ಕೊರೆದು ತಿನ್ನುವುದು ‘ಹಡಗು ಹುಳು’. ಹೆಸರಿಗೆ ಹುಳು, ಅಸಲಿಗೆ ಕಪ್ಪೆಚಿಪ್ಪಿನ ಜಾತಿ. ಅದಕ್ಕೆ ಉಪ್ಪು ನೀರು ಬೇಕು. ಮಂಗಳೂರು, ಕಾರವಾರದ ಕಡಲಲ್ಲಾಗಿದ್ದರೆ ಮರ ಹೀಗೆ ಉಳಿಯುತ್ತಿರಲಿಲ್ಲ. ವೆಟ್ಟರ್ನ್ ಸಿಹಿನೀರು, ಮೇಲಾಗಿ ಕೊರೆಯುವ ತಣ್ಣೀರು. ಬಾಲ್ಟಿಕ್‌ನಲ್ಲಿ ಉಪ್ಪು ಕಡಿಮೆ ಇದ್ದುದರಿಂದಲೇ ವಾಸಾ ಕೂಡ ಉಳಿದದ್ದು.

ಹಾಗಾದರೆ ಇದನ್ನೂ ಎತ್ತಬಾರದೇ? ಎತ್ತುವುದಕ್ಕಿಂತ ಆಮೇಲೆ ಕಾಪಾಡುವುದು ಕಷ್ಟ. ಒಣಗಿದರೆ ಬಿರುಕು ಬಿಡುವ ವಾಸಾದ ಮರಕ್ಕೆ 17 ವರ್ಷ ರಾಸಾಯನಿಕ ಸಿಂಪಡಿಸಿದರು. ಅಷ್ಟಾದರೂ ಮರದೊಳಗೆ ಆಸಿಡ್ ಹುಟ್ಟುತ್ತಿರುವುದು ಆಮೇಲೆ ತಿಳಿಯಿತು. ನೂರ್ಡೆವಾಲ್‌ನ ಅಭಿಮಾನಿಗಳು ಬೇರೆ ದಾರಿ ಹಿಡಿದರು. ಹಳೆಯದು ತಳದಲ್ಲೇ ಇರಲಿ, ಅದರಂಥದ್ದೇ ಇನ್ನೊಂದು ಕಟ್ಟೋಣ ಎಂದರು. ಮುಳುಗುಗಾರರು ಅಳತೆ ತಂದರು. ಫೋರ್ಸ್‌ವಿಕ್ ಎಂಬ ಪುಟ್ಟ ಊರಿನಲ್ಲಿ ಸ್ವಯಂಸೇವಕರೂ ಸೇರಿ ವರ್ಷಗಟ್ಟಲೆ ಕೆಲಸ ಮಾಡಿದರು. ಅಂಥ ಎಂಜಿನ್ ಈಗ ಯಾವ ಅಂಗಡಿಯಲ್ಲೂ ಸಿಗದು, ಅದನ್ನೂ ಹೊಸದಾಗಿ ಮಾಡಬೇಕಾಯಿತು. ಸೋರ್ಸ್ ಕೋಡ್ ಕಳೆದುಹೋದ ಪ್ರೋಗ್ರಾಂ ಅನ್ನು ಮತ್ತೆ ಬರೆದಂತೆ! ಹೊಸ ಹಡಗು ನೀರಿಗಿಳಿದದ್ದು 2009ರಲ್ಲಿ, ಚೊಚ್ಚಲ ಪಯಣ 2011ರಲ್ಲಿ.

ಇದು ಹಳೆಯ ಹಡಗೇ ಅಲ್ಲವಲ್ಲ ಎಂದು ಕೆಲವರು ಮೂಗು ಮುರಿಯಬಹುದು. ಅಪ್ಪಟ ಹಳೆಯದೇ ಬೇಕೆಂದರೆ ಪಕ್ಕದ ನಾರ್ವೆಯ ಮ್ಯೋಸಾ ಸರೋವರದಲ್ಲಿ 1856ರ ‘ಶೀಬ್ಲಾಡ್ನರ್’ ಇದೆ. ಆದರೆ ಅಂಥ ಹಡಗು ಕಟ್ಟುವ ಕೈಗಳು ಮತ್ತೆ ತಯಾರಾದದ್ದು ಫೋರ್ಸ್‌ವಿಕ್‌ನಲ್ಲಿ. ನಮಗೆ ಅದೇ ಹೆಚ್ಚೆನಿಸುತ್ತದೆ.

ಫೋರ್ಸ್‌ವಿಕ್ ಇರುವುದು ವೆಟ್ಟರ್ನ್‌ನ ಪಶ್ಚಿಮಕ್ಕೆ, ಕಾರ್ಲ್ಸ್‌ಬೊರ್ಗ್ ಹತ್ತಿರ. ಕಾಲುವೆಯ ಅತ್ಯಂತ ಹಳೆಯ ಲಾಕ್ (1813) ಕೂಡ ಅಲ್ಲೇ ಇದೆ. ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಹೋಗುವವರು ಹಡಗಿನ ವೇಳಾಪಟ್ಟಿಯನ್ನು ಮೊದಲೇ ವಿಚಾರಿಸಿಕೊಳ್ಳಿ, ಬುತ್ತಿ ಕಟ್ಟಿಕೊಂಡು ಹೋಗಿ.